ಆಚಾರ್ಯ ಪ್ರಫುಲ್ಲಚಂದ್ರ ರಾಯ್

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕ. ಕಲ್ಕತ್ತಾ ಆಗ ಬ್ರಿಟಿಷ್ ಭಾರತದ ರಾಜಧಾನಿ. ಅಲ್ಲಿಯ ಕಾಲೇಜುಗಳಿಂದ ವರ್ಷವರ್ಷವೂ ನೂರಾರು ಯುವಕರು ಪದವಿ ಪಡೆದು ಹೊರಬರುತ್ತಿದ್ದರು. ಅವರಲ್ಲಿ ಬಹುಮಂದಿಯ ಗುರಿ ಒಂದೇ: ಸರಕಾರಿ ಕಚೇರಿಯಲ್ಲಿ ಒಂದು ಗುಮಾಸ್ತೆಯ ಕೆಲಸ. ಅದು ದೊರೆತವನು ಪುಣ್ಯವಂತನೆನಿಸಿಕೊಳ್ಳುತ್ತಿದ್ದನು. ದೊರೆಯದವನು ಅರ್ಜಿ ಹಿಡಿದು ಬಾಗಿಲಿಂದ ಬಾಗಿಲಿಗೆ ಅಲೆಯುತ್ತಿದ್ದನು. ಅದೇ ನಗರದ ಔಷಧದ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದ ಸೀಸೆಗಳ ಮೇಲೆಲ್ಲ ವಿದೇಶದ ಚೀಟಿಗಳೇ ಅಂಟಿರುತ್ತಿದ್ದವು. ಓದಿದವರಿಗೆ ಕೆಲಸವಿಲ್ಲ, ಮಾಡಬೇಕಾದ ಕೆಲಸವನ್ನು ಮಾಡುವವರಿಲ್ಲ. ಈ ವಿಚಿತ್ರವನ್ನು ಕಂಡವರು ಹಲವರಿದ್ದರು. ಕಂಡು ಸುಮ್ಮನಿರಲಾರದೆ ಅದರ ಪರಿಹಾರಕ್ಕೆ ತಮ್ಮ ವಿದ್ಯೆ, ಸಂಪಾದನೆ, ಆಯುಷ್ಯಗಳನ್ನೆಲ್ಲ ಧಾರೆಯೆರೆದವರು ವಿರಳ. ಆ ವಿರಳ ವ್ಯಕ್ತಿಗಳಲ್ಲಿ ಒಬ್ಬರು ಆಚಾರ್ಯ ಪ್ರಫುಲ್ಲಚಂದ್ರ ರಾಯ್.

ಪ್ರಫುಲ್ಲಚಂದ್ರರು 1861ನೆಯ ಇಸವಿ ಆಗಸ್ಟ್ 2ರಂದು ರಾರುಲಿ ಎಂಬ ಹಳ್ಳಿಯಲ್ಲಿ ಜನಿಸಿದರು. ಆಗ ಜೆಸ್ಸೋರ್ ಜಿಲ್ಲೆಗೆ ಸೇರಿದ್ದ ಆ ಊರು ಮುಂದೆ ಖುಲ್ನಾ ಜಿಲ್ಲೆಗೆ ಸೇರಿತು. ಈಗ ಅದು ಬಾಂಗ್ಲಾದೇಶದಲ್ಲಿದೆ. ತಂದೆ ಹರಿಶ್ಚಂದ್ರ ರಾಯ್ ಜಮೀನುದಾರರು, ಪಾರಸಿ, ಇಂಗ್ಲಿಷ್ ಭಾಷೆಗಳನ್ನು ಬಲ್ಲವರು, ಉದಾರವಾದ ವಿಚಾರಗಳುಳ್ಳವರು. ಮನೆಯಲ್ಲಿ ಒಳ್ಳೆಯ ಪುಸ್ತಕ ಭಂಡಾರವನ್ನು ಕೂಡಿಸಿದ್ದರು. ತಾಯಿ ಭುವನಮೋಹಿನೀ ದೇವಿ. ಮಕ್ಕಳಿಗೆ ಉತ್ತಮ ಶಿಕ್ಷಣ ದೊರೆಯಬೇಕೆಂಬ ಹಂಬಲದಿಂದ ತಂದೆ 1870ರ ಸುಮಾರಿಗೆ ಸಂಸಾರವನ್ನು ಕಲ್ಕತ್ತೆಗೆ ಕರೆತಂದರು. ಬಾಲಕ ಪ್ರಫುಲ್ಲಚಂದ್ರ ಹೇರ್ ಶಾಲೆಯನ್ನು ಸೇರಿದನು.

1874ರಲ್ಲಿ ಬಾಲಕನಿಗೆ ತೀವ್ರವಾದ ಆಮಶಂಕೆ ತಗುಲಿತು. ಶಾಲೆಯನ್ನು ಬಿಡಬೇಕಾಯಿತು. ದೇಹ ಅಂದು ಕಳೆದುಕೊಂಡ ಬಲವನ್ನು ಮುಂದೆಂದೂ ಪೂರ್ಣವಾಗಿ ಮರಳಿ ಪಡೆಯಲಿಲ್ಲ. ಜೀರ್ಣಶಕ್ತಿಯ ದೌರ್ಬಲ್ಯ ಕೊನೆಯವರೆಗೂ ಅವರನ್ನು ಕಾಡಿತು. ಆದರೆ ಈ ಆಪತ್ತು ಒಂದು ಬಗೆಯಲ್ಲಿ ಸಂಪತ್ತಾಗಿ ಪರಿಣಮಿಸಿತು. ಪರೀಕ್ಷೆಯ ಹಂಗಿಲ್ಲದೆ, ಗಂಟೆಯ ಕಟ್ಟಿಲ್ಲದೆ, ತಂದೆಯ ಪುಸ್ತಕ ಭಂಡಾರದಲ್ಲಿ ಸುಮಾರು ಎರಡು ವರ್ಷಗಳ ಕಾಲ ಅವರು ಮನಸಾರ ಓದಿದರು. ಚರಿತ್ರೆ, ಮಹಾಪುರುಷರ ಜೀವನಚರಿತ್ರೆ, ಸಾಹಿತ್ಯ ಇವೆಲ್ಲ ಅವರ ಒಡನಾಡಿಗಳಾದವು. ಲ್ಯಾಟಿನ್ ಭಾಷೆಯನ್ನೂ ಸ್ವಂತ ಪ್ರಯತ್ನದಿಂದ ಅಭ್ಯಾಸ ಮಾಡಿದರು. ತಾನಾಗಿ ಕಲಿತದ್ದು ಮನಸ್ಸಿನಲ್ಲಿ ಬೇರೂರುತ್ತದೆ ಎಂಬ ಅವರ ಮುಂದಿನ ನಂಬಿಕೆಗೆ ಈ ಎರಡು ವರ್ಷಗಳ ಅನುಭವವೇ ತಳಹದಿ.

ಆರೋಗ್ಯ ಸುಧಾರಿಸಿದ ಮೇಲೆ ಅವರು ಆಲ್ಬರ್ಟ್ ಶಾಲೆಯಲ್ಲಿ ವ್ಯಾಸಂಗವನ್ನು ಮುಂದುವರಿಸಿದರು. ಅನಂತರ ಈಶ್ವರಚಂದ್ರ ವಿದ್ಯಾಸಾಗರರು ಸ್ಥಾಪಿಸಿದ್ದ ಮೆಟ್ರೊಪಾಲಿಟನ್ ವಿದ್ಯಾಸಂಸ್ಥೆಯನ್ನು ಸೇರಿದರು. ಅಲ್ಲಿ ವಿಜ್ಞಾನ ಬೋಧನೆಗೆ ಸೌಕರ್ಯವಿರಲಿಲ್ಲವಾದುದರಿಂದ ವಿದ್ಯಾರ್ಥಿಗಳು ಪ್ರೆಸಿಡೆನ್ಸಿ ಕಾಲೇಜಿಗೆ ಹೋಗಿ ಪಾಠ ಕೇಳುತ್ತಿದ್ದರು. ಅಲ್ಲಿ ಅಲೆಕ್ಸಾಂಡರ್ ಪೆಡ್ಲರ್ ಎಂಬ ಪ್ರಾಧ್ಯಾಪಕರು ಮಾಡಿ ತೋರಿಸುತ್ತಿದ್ದ ಪ್ರಯೋಗಗಳು ತರುಣ ಪ್ರಫುಲ್ಲಚಂದ್ರರ ಮನಸ್ಸನ್ನು ಸೂರೆಗೊಂಡವು. ಸಾಹಿತ್ಯದ ಕಡೆಗೆ ವಾಲಿದ್ದ ಒಲವು ರಸಾಯನಶಾಸ್ತ್ರದತ್ತ ತಿರುಗಿತು. ಆ ವೇಳೆಗೆ ತಂದೆಯ ಆರ್ಥಿಕ ಸ್ಥಿತಿ ಹದಗೆಡುತ್ತಿತ್ತು. ಮಗನನ್ನು ವಿದೇಶಕ್ಕೆ ಕಳುಹಿಸುವ ಶಕ್ತಿ ಅವರಿಗಿರಲಿಲ್ಲ. ಪ್ರಫುಲ್ಲಚಂದ್ರರು ಹೆಚ್ಚು ಜನಕ್ಕೆ ತಿಳಿಯದಂತೆ ಸಿದ್ಧತೆ ನಡೆಸಿ ಗಿಲ್‌ಕ್ರಿಸ್ಟ್ ವಿದ್ಯಾರ್ಥಿವೇತನದ ಪರೀಕ್ಷೆಗೆ ಕುಳಿತರು. ಹಲವು ಭಾಷೆಗಳ ಜ್ಞಾನವನ್ನು ಬೇಡುತ್ತಿದ್ದ ಕಠಿಣ ಪರೀಕ್ಷೆ ಅದು. ಅದರಲ್ಲಿ ಯಶಸ್ವಿಯಾಗಿ 1882ರಲ್ಲಿ ಅವರು ಸ್ಕಾಟ್ಲೆಂಡಿನ ಎಡಿನ್‌ಬರೊ ವಿಶ್ವವಿದ್ಯಾನಿಲಯಕ್ಕೆ ತೆರಳಿದರು.

ಎಡಿನ್‌ಬರೊ ನಗರದಲ್ಲಿ ಅವರಿಗೆ ಕ್ರಮ್ ಬ್ರೌನ್ ಎಂಬ ಹೆಸರಾಂತ ರಸಾಯನಶಾಸ್ತ್ರಜ್ಞರು ಗುರುಗಳಾಗಿ ದೊರೆತರು. 1885ರಲ್ಲಿ ಬಿ.ಎಸ್‌ಸಿ., 1887ರಲ್ಲಿ ಡಿ.ಎಸ್‌ಸಿ. ಪದವಿಗಳನ್ನು ಅವರು ಗಳಿಸಿದರು. ಹೋಪ್ ಬಹುಮಾನವೂ ದೊರೆತುದರಿಂದ ಇನ್ನೊಂದು ವರ್ಷ ಅಲ್ಲಿಯೇ ನಿಂತು ಸಂಶೋಧನೆ ನಡೆಸುವುದು ಸಾಧ್ಯವಾಯಿತು. ವಿದ್ಯಾರ್ಥಿಯಾಗಿದ್ದಾಗಲೇ ಭಾರತದ ದುಃಸ್ಥಿತಿಯನ್ನು ಕುರಿತು ನಿರ್ಭೀತವಾದ ಪ್ರಬಂಧವೊಂದನ್ನು ಬರೆದು ಆಳುವವರ ನೀತಿಯನ್ನು ಟೀಕಿಸಿದ್ದರು. ಪರದೇಶದ ಸೊಬಗು ಅವರ ಕಣ್ಣನ್ನು ಕುಕ್ಕಲಿಲ್ಲ. ಅಲ್ಲಿ ಅವರು ಮುಖ್ಯವಾಗಿ ಗಮನಿಸಿದ್ದು ವಿಶ್ವವಿದ್ಯಾನಿಲಯಕ್ಕೂ ಕೈಗಾರಿಕೆಗೂ ಇದ್ದ ಹತ್ತಿರದ ಸಂಬಂಧವನ್ನು. ಪ್ರಯೋಗಶಾಲೆಯಲ್ಲಿ ಇಂದು ಕಂಡುಕೊಂಡ ಸಂಗತಿ ನಾಳೆ ಕಾರ್ಖಾನೆಯಲ್ಲಿ ನೂರಾರು ಕುಟುಂಬಗಳಿಗೆ ಅನ್ನವಾಗುವ ಬಗೆಯನ್ನು ಅವರು ಕಂಡರು.

1888ರಲ್ಲಿ ಅವರು ತಾಯ್ನಾಡಿಗೆ ಮರಳಿದರು. ಡಾಕ್ಟರೇಟ್ ಪಡೆದು ಬಂದ ವಿಜ್ಞಾನಿಗೆ ಸ್ವದೇಶದಲ್ಲಿ ಕೆಲಸ ಸಿದ್ಧವಾಗಿರಲಿಲ್ಲ. ಉನ್ನತ ಶಿಕ್ಷಣ ಇಲಾಖೆಯ ಮೇಲಣ ಹುದ್ದೆಗಳೆಲ್ಲ ಬಹುಮಟ್ಟಿಗೆ ಆಂಗ್ಲರಿಗೆ ಮೀಸಲಾಗಿದ್ದವು. ಸುಮಾರು ಒಂದು ವರ್ಷ ಅವರು ನಿರುದ್ಯೋಗಿಯಾಗಿ ಕಳೆದರು. ಆ ಅವಧಿಯಲ್ಲಿ ಅವರಿಗೆ ಆಶ್ರಯವಿತ್ತವರು ಮತ್ತೊಬ್ಬ ಮಹಾವಿಜ್ಞಾನಿ ಜಗದೀಶಚಂದ್ರ ಬೋಸರು. 1889ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ತಿಂಗಳಿಗೆ 250 ರೂಪಾಯಿ ಸಂಬಳದ ತಾತ್ಕಾಲಿಕ ಸಹಾಯಕ ಪ್ರಾಧ್ಯಾಪಕ ಹುದ್ದೆ ದೊರೆಯಿತು. ಅದೇ ಅರ್ಹತೆಯ ಆಂಗ್ಲನಿಗೆ ಸಿಗುತ್ತಿದ್ದ ವೇತನ ಇದಕ್ಕಿಂತ ಬಹಳ ಹೆಚ್ಚಿನದು. ಈ ಅನ್ಯಾಯವನ್ನು ಕುರಿತು ಅವರು ಮೇಲಧಿಕಾರಿಯಲ್ಲಿ ದೂರಿಕೊಂಡಾಗ, ಬಾಳಿನಲ್ಲಿ ಬೇರೆ ದಾರಿಗಳೂ ಇವೆ, ಈ ಕೆಲಸವನ್ನೇ ಒಪ್ಪಬೇಕೆಂಬ ಬಲವಂತವಿಲ್ಲ ಎಂಬ ಅರ್ಥದ ಉತ್ತರ ಬಂದಿತು. ಆ ಮಾತು ಅವರ ಮನಸ್ಸನ್ನು ಚುಚ್ಚಿತು. ತಮಗೇ ಹೀಗಾದರೆ ಸಾಮಾನ್ಯ ಪದವೀಧರನ ಪಾಡೇನು ಎಂಬ ಚಿಂತೆ ಅಂದೇ ಅವರಲ್ಲಿ ಮೊಳೆಯಿತು.

ಆದರೂ ಅವರು ಅಧ್ಯಾಪಕ ವೃತ್ತಿಯನ್ನು ತುಂಬು ಮನಸ್ಸಿನಿಂದ ಸ್ವೀಕರಿಸಿದರು. ಹಿರಿಯ ಪ್ರಾಧ್ಯಾಪಕರು ಸಾಮಾನ್ಯವಾಗಿ ಮೇಲಣ ತರಗತಿಗಳ ಪಾಠವನ್ನು ಬಯಸುತ್ತಾರೆ. ಪ್ರಫುಲ್ಲಚಂದ್ರರು ಕೆಳಗಣ ತರಗತಿಯ ಎಳೆಯರಿಗೆ ಪಾಠ ಹೇಳುವುದನ್ನೇ ವಿಶೇಷವಾಗಿ ಇಷ್ಟಪಟ್ಟರು. ಹಸಿಯ ಮಣ್ಣಿಗೆ ಆಕಾರ ಕೊಡುವುದು ಸುಲಭವೆಂಬುದು ಕುಂಬಾರನಂತೆ ಅವರಿಗೂ ತಿಳಿದಿತ್ತು. ಪುಸ್ತಕದ ವಾಕ್ಯಗಳನ್ನು ಅವರು ಒಪ್ಪಿಸಿ ಹೋಗುತ್ತಿರಲಿಲ್ಲ. ಪ್ರತಿಯೊಂದನ್ನೂ ಪ್ರಯೋಗದಿಂದ ತೋರಿಸುತ್ತಿದ್ದರು. ಒಮ್ಮೆ ಮೂಳೆಯನ್ನು ಸುಟ್ಟು ಬಂದ ಬೂದಿಯನ್ನು ವಿದ್ಯಾರ್ಥಿಗಳ ಎದುರಿನಲ್ಲಿಯೇ ಬಾಯಿಗೆ ಹಾಕಿಕೊಂಡರು. ಬೆಂಕಿಯಲ್ಲಿ ಶುದ್ಧವಾದ ಆ ಬೂದಿ ಸುಣ್ಣದ ಫಾಸ್ಫೇಟ್ ಎಂಬ ರಾಸಾಯನಿಕ ವಸ್ತುವಲ್ಲದೆ ಬೇರೇನೂ ಅಲ್ಲವೆಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಉಪನ್ಯಾಸವೂ ಮನಗಾಣಿಸಲಾರದಾಗಿತ್ತು. ಮಡಿಮೈಲಿಗೆಗಳ ಕಟ್ಟಿನಲ್ಲಿ ಬೆಳೆದ ಹುಡುಗರು ಕಣ್ಣರಳಿಸಿ ನೋಡಿದರು.

ಪಾಠದೊಡನೆ ಸಂಶೋಧನೆಯೂ ಆರಂಭವಾಯಿತು. ಅವರು ಮೊದಲು ಕೈಗೆತ್ತಿಕೊಂಡ ವಿಷಯ ಸಂತೆಯ ಬೀದಿಗೆ ಸೇರಿದ್ದು. ಅದು ಬಂಗಾಳದ ಮನೆಮನೆಯಲ್ಲಿ ಬಳಕೆಯಾಗುತ್ತಿದ್ದ ತುಪ್ಪ ಮತ್ತು ಸಾಸಿವೆ ಎಣ್ಣೆಗಳ ಪರೀಕ್ಷೆ. ಇವೆರಡರಲ್ಲಿಯೂ ಕಲಬೆರಕೆ ಹೆಚ್ಚಾಗಿತ್ತು. ಕಲಬೆರಕೆಯನ್ನು ಕಂಡುಹಿಡಿಯಬೇಕಾದರೆ ಶುದ್ಧ ವಸ್ತುವಿನ ಗುಣಗಳು ಮೊದಲು ಖಚಿತವಾಗಿ ತಿಳಿದಿರಬೇಕು. ಅಂಗಡಿಯಿಂದ ತಂದ ಮಾದರಿಯನ್ನು ನಂಬುವಂತಿರಲಿಲ್ಲ. ಆದುದರಿಂದ ಅವರು ತಮ್ಮ ಕಣ್ಣೆದುರಿನಲ್ಲಿಯೇ ಹಸುವಿನ ಹಾಲು ಕರೆಯಿಸಿ ಅದರಿಂದ ಬೆಣ್ಣೆ ತೆಗೆಯಿಸಿದರು. ಸಾಸಿವೆಯನ್ನು ಎದುರಿನಲ್ಲಿಯೇ ಗಾಣಕ್ಕೆ ಹಾಕಿಸಿ ಎಣ್ಣೆ ಪಡೆದರು. ಹೀಗೆ ಸುಮಾರು ಮೂರು ವರ್ಷ ಶ್ರಮಿಸಿ ದೊರಕಿಸಿದ ಫಲಿತಾಂಶಗಳನ್ನು 1894ರಲ್ಲಿ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ವಿದ್ವತ್ತಿನ ಸಂಶೋಧನೆಯಿಂದ ಪ್ರಾಮಾಣಿಕ ವ್ಯಾಪಾರಿಗೂ ಬಡ ಗ್ರಾಹಕನಿಗೂ ರಕ್ಷಣೆ ದೊರೆಯಬಲ್ಲದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಅವರಿಗೆ ಜಗತ್ತಿನ ವಿಜ್ಞಾನಿಗಳ ನಡುವೆ ಸ್ಥಾನ ದೊರಕಿಸಿಕೊಟ್ಟದ್ದು ಪಾದರಸದ ಸಂಶೋಧನೆ. ದುರ್ಬಲವಾದ ನೈಟ್ರಿಕ್ ಆಮ್ಲವನ್ನು ಹೆಚ್ಚಿನ ಪ್ರಮಾಣದ ಪಾದರಸದೊಡನೆ ಬಿಸಿಮಾಡದೆ ಇರಿಸಿದ್ದಾಗ ಹಳದಿ ಬಣ್ಣದ ಹರಳುಗಳು ಕಾಣಿಸಿಕೊಂಡವು. ಅವರು ನಿರೀಕ್ಷಿಸಿದ್ದ ವಸ್ತು ಅದಾಗಿರಲಿಲ್ಲ. ಬೇರೆಯವರಾದರೆ ಅದನ್ನು ಚೆಲ್ಲಿಬಿಡುತ್ತಿದ್ದರೋ ಏನೋ! ಪ್ರಫುಲ್ಲಚಂದ್ರರು ಅದನ್ನು ಎಚ್ಚರದಿಂದ ಪರೀಕ್ಷಿಸಿ, ಅದು ಅದುವರೆಗೆ ಯಾರೂ ತಯಾರಿಸಿರದ ಮರ್ಕ್ಯುರಸ್ ನೈಟ್ರೈಟ್ ಎಂದು ಸಾಧಿಸಿದರು. 1896ರಲ್ಲಿ ಈ ಸಂಶೋಧನೆ ಬೆಳಕು ಕಂಡಿತು. ಮುಂದೆ ನೈಟ್ರೈಟುಗಳ ವಿಷಯದಲ್ಲಿ ಅವರೂ ಅವರ ಶಿಷ್ಯರೂ ಪ್ರಕಟಿಸಿದ ಲೇಖನಗಳಿಂದ ಭಾರತದಲ್ಲಿ ಆಧುನಿಕ ರಸಾಯನಶಾಸ್ತ್ರದ ಪರಂಪರೆಯೊಂದು ಬೆಳೆದು ನಿಂತಿತು.

ಇಷ್ಟಾದರೂ ಪ್ರಫುಲ್ಲಚಂದ್ರರ ಮನಸ್ಸಿಗೆ ನೆಮ್ಮದಿಯಿರಲಿಲ್ಲ. ತಾವು ಪ್ರೀತಿಯಿಂದ ಕಲಿಸಿದ ವಿದ್ಯಾರ್ಥಿಗಳು ಪದವಿ ಪಡೆದ ಮೇಲೆ ಏನಾಗುತ್ತಾರೆ? ರಸಾಯನಶಾಸ್ತ್ರವನ್ನು ಓದಿದವನೂ ಕಚೇರಿಯ ಕಡತಗಳನ್ನು ನಕಲು ಮಾಡುತ್ತ ಕೂಡಬೇಕೆ? ಕೂಡಲು ಸ್ಥಳ ಸಿಗದವನು ಹಸಿದಿರಬೇಕೆ? ನಾಡಿನಲ್ಲಿ ಗಿಡಮೂಲಿಕೆಗಳಿದ್ದವು, ಖನಿಜಗಳಿದ್ದವು, ದುಡಿಯುವ ಕೈಗಳಿದ್ದವು. ಇವನ್ನೆಲ್ಲ ಕೂಡಿಸಬಲ್ಲ ತಿಳಿವಳಿಕೆ ಮಾತ್ರ ಕಾಲೇಜಿನ ಗೋಡೆಗಳೊಳಗೆ ಉಳಿದಿತ್ತು. ಅದನ್ನು ಹೊರಕ್ಕೆ ತರಬೇಕೆಂದು ಅವರು ಸಂಕಲ್ಪಿಸಿದರು. ಇತರರಿಗೆ ಉಪದೇಶ ಮಾಡುವುದಕ್ಕೆ ಮೊದಲು ತಾವೇ ಮಾಡಿ ನೋಡಬೇಕೆಂದು ನಿಶ್ಚಯಿಸಿದರು.

1892ರಲ್ಲಿ ಅಪ್ಪರ್ ಸರ್ಕ್ಯುಲರ್ ರಸ್ತೆಯ 91ನೆಯ ನಂಬರಿನ ತಮ್ಮ ಬಾಡಿಗೆ ಮನೆಯಲ್ಲಿ ಅವರು ಔಷಧ ತಯಾರಿಕೆಯನ್ನು ಆರಂಭಿಸಿದರು. ಸಂಬಳದಲ್ಲಿ ಉಳಿಸಿದ ಕೆಲವು ನೂರು ರೂಪಾಯಿಗಳೇ ಬಂಡವಾಳ. ತಂದೆಯ ಸಾಲದ ಹೊರೆಯೂ ಆಗ ಅವರ ಮೇಲೆ ಬಿದ್ದಿತ್ತು. ಹಗಲೆಲ್ಲ ಕಾಲೇಜಿನ ಕೆಲಸ. ಮನೆಗೆ ಮರಳಿದ ಮೇಲೆ ಒಲೆ, ಬಾಣಲೆ, ಸೀಸೆಗಳ ನಡುವೆ ಕೆಲಸ. ಎಡಿನ್‌ಬರೊ ವಿಶ್ವವಿದ್ಯಾನಿಲಯದ ಡಾಕ್ಟರರು ತೋಳು ಮಡಿಸಿ ಕೂಲಿಯವರೊಡನೆ ದುಡಿಯುವುದನ್ನು ಕಂಡು ಅಕ್ಕಪಕ್ಕದವರು ಬೆರಗಾದರು.

ಮೊದಲ ಪ್ರಯತ್ನಗಳು ಸುಲಭವಾಗಿ ಫಲಿಸಲಿಲ್ಲ. ನಿಂಬೆಯ ರಸದಿಂದ ಸಿಟ್ರಿಕ್ ಆಮ್ಲವನ್ನು ತೆಗೆಯಲು ಹೊರಟರು. ವಸ್ತುವೇನೋ ದೊರೆಯಿತು; ಆದರೆ ನಿಂಬೆಹಣ್ಣಿನ ಬೆಲೆಯನ್ನು ಲೆಕ್ಕ ಹಾಕಿದಾಗ ಲಾಭವಿರಲಿಲ್ಲ. ಪ್ರಯೋಗಶಾಲೆಯಲ್ಲಿ ಗೆದ್ದದ್ದು ಪೇಟೆಯಲ್ಲಿ ಸೋಲಬಹುದೆಂಬ ಮೊದಲ ಪಾಠವನ್ನು ಅವರು ಹೀಗೆ ಕಲಿತರು. ಅನಂತರ ಕಸಾಯಿಖಾನೆಗಳಿಂದ ಅಗ್ಗದ ಬೆಲೆಗೆ ದನದ ಮೂಳೆಗಳನ್ನು ತರಿಸಿ, ಮನೆಯ ತಾರಸಿಯ ಮೇಲೆ ಒಣಗಲು ಹರಡಿಸಿದರು. ಅವನ್ನು ಸುಟ್ಟ ಬೂದಿಗೆ ಗಂಧಕಾಮ್ಲವನ್ನು ಸೇರಿಸಿ ಫಾಸ್ಫೇಟುಗಳನ್ನು ತಯಾರಿಸುವುದು ಅವರ ಉದ್ದೇಶ. ಆದರೆ ಅಕಾಲದಲ್ಲಿ ಮಳೆ ಹಿಡಿಯಿತು. ಮೂಳೆಗೆ ಅಂಟಿದ್ದ ಮಾಂಸ ಕೊಳೆಯಿತು, ದುರ್ನಾತ ಹಬ್ಬಿತು, ಕಾಗೆಗಳು ಮುತ್ತಿ ಚೂರುಗಳನ್ನು ನೆರೆಮನೆಗಳ ಮೇಲೆಲ್ಲ ಬೀಳಿಸಿದವು. ನೆರೆಯವರ ಕೋಪಕ್ಕೆ ಮಿತಿಯಿರಲಿಲ್ಲ. ಕೊನೆಗೆ ಮೂಳೆಗಳನ್ನು ಊರ ಹೊರಗಿನ ಬಯಲಿಗೆ ಸಾಗಿಸಿ ರಾತ್ರಿಯ ಹೊತ್ತಿನಲ್ಲಿ ಸುಡಿಸಬೇಕಾಯಿತು. ಆ ಬೆಂಕಿಯನ್ನು ಕಂಡು ಗಸ್ತಿನ ಪೊಲೀಸಿನವನು ಯಾರೋ ಕೊಲೆಗಡುಕರು ಹೆಣವನ್ನು ಸುಡುತ್ತಿರಬೇಕೆಂದು ಸಂಶಯಪಟ್ಟನು!

ವಸ್ತುಗಳು ಸಿದ್ಧವಾದ ಮೇಲೆ ಅವನ್ನು ಮಾರುವುದು ಇನ್ನೂ ಕಷ್ಟವಾಯಿತು. ಸ್ವದೇಶದಲ್ಲಿ ತಯಾರಾದ ಔಷಧವನ್ನು ಗಿರಾಕಿಗಳು ಮುಟ್ಟುವುದಿಲ್ಲವೆಂದು ಅಂಗಡಿಯವರು ಕೈಚೆಲ್ಲಿದರು. ಈ ಸಂಕಟದಲ್ಲಿ ಜೊತೆಗೂಡಿದವರು ವೈದ್ಯರಾದ ಅಮೂಲ್ಯಚರಣ ಬೋಸರು. ಅವರು ತಮ್ಮ ರೋಗಿಗಳಿಗೆ ಈ ಔಷಧಗಳನ್ನೇ ಕೊಟ್ಟು, ಇತರ ವೈದ್ಯರನ್ನೂ ಒಪ್ಪಿಸಿದರು. ಇಬ್ಬರೂ ಸೇರಿ ಇನ್ನೊಂದು ಮುಖ್ಯ ಹೆಜ್ಜೆಯನ್ನಿಟ್ಟರು. ನಾಡಿನ ವೈದ್ಯರು ತಲೆತಲಾಂತರದಿಂದ ಬಳಸುತ್ತಿದ್ದ ಆಡುಸೋಗೆ, ನೆಲಬೇವು, ಓಮ, ಕೊಡಸಿಗ ಮೊದಲಾದವುಗಳ ಸಾರವನ್ನು ಆಧುನಿಕ ಕ್ರಮದಲ್ಲಿ ತೆಗೆದು, ಪ್ರಮಾಣವನ್ನು ಖಚಿತಪಡಿಸಿ, ಸೀಸೆಗಳಲ್ಲಿ ತುಂಬಿದರು. ಕಲ್ಕತ್ತೆಯಲ್ಲಿ ನಡೆದ ವೈದ್ಯಕೀಯ ಸಮ್ಮೇಳನದಲ್ಲಿ ಈ ಔಷಧಗಳ ಪ್ರದರ್ಶನ ಏರ್ಪಟ್ಟಿತು. ವೈದ್ಯಲೋಕದ ಗಮನ ಇತ್ತ ಹರಿಯಿತು. ಅಂಗಡಿಗಳಿಂದ ಬೇಡಿಕೆ ಬರತೊಡಗಿತು.

ವಿಧಿ ಇಷ್ಟಕ್ಕೆ ಸುಮ್ಮನಿರಲಿಲ್ಲ. ಕಾರ್ಯಾಲಯದ ಆಧಾರವಾಗಿದ್ದ ಯುವ ರಸಾಯನಜ್ಞ ಸತೀಶಚಂದ್ರ ಸಿಂಹರು ಪ್ರಯೋಗಶಾಲೆಯಲ್ಲಿ ಅಕಸ್ಮಾತ್ತಾಗಿ ವಿಷ ತಗುಲಿ ಅಸುನೀಗಿದರು. 1898ರಲ್ಲಿ ಅಮೂಲ್ಯಚರಣ ಬೋಸರು ಪ್ಲೇಗಿಗೆ ಬಲಿಯಾದರು. ಎರಡು ಕೈಗಳೂ ಮುರಿದಂತಾಯಿತು. ಉದ್ಯಮವನ್ನು ಮುಚ್ಚಿ ಪ್ರಾಧ್ಯಾಪಕ ವೃತ್ತಿಯಲ್ಲಿ ನೆಮ್ಮದಿಯಿಂದಿರಲು ಪ್ರಫುಲ್ಲಚಂದ್ರರಿಗೆ ಯಾವ ಅಡ್ಡಿಯೂ ಇರಲಿಲ್ಲ. ಸಂಬಳ ಬರುತ್ತಿತ್ತು, ಕೀರ್ತಿಯೂ ಬಂದಿತ್ತು. ಆದರೆ ಈ ಚಿಕ್ಕ ಕಾರ್ಖಾನೆ ಸೋತರೆ, ವಿದ್ಯಾವಂತರಿಗೆ ಉದ್ಯಮ ಒಗ್ಗದೆಂಬ ಅಪವಾದ ಸ್ಥಿರವಾಗುತ್ತಿತ್ತು. ದುಃಖವನ್ನು ನುಂಗಿಕೊಂಡು ಅವರು ಒಬ್ಬರೇ ಭಾರವನ್ನು ಹೊತ್ತರು.

1901ರಲ್ಲಿ ಆ ಉದ್ಯಮ ಬೆಂಗಾಲ್ ಕೆಮಿಕಲ್ ಅಂಡ್ ಫಾರ್ಮಸ್ಯೂಟಿಕಲ್ ವರ್ಕ್ಸ್ ಎಂಬ ಹೆಸರಿನ ಲಿಮಿಟೆಡ್ ಕಂಪೆನಿಯಾಗಿ ಮಾರ್ಪಟ್ಟಿತು. ಒಬ್ಬರ ಸ್ವತ್ತಾಗಿದ್ದದ್ದು ಹಲವು ಪಾಲುದಾರರ ಸಂಸ್ಥೆಯಾಯಿತು. 1903ರಲ್ಲಿ ರಾಜಶೇಖರ ಬಸು ಎಂಬ ರಸಾಯನಶಾಸ್ತ್ರದ ಪದವೀಧರರು ಕೆಲಸಕ್ಕೆ ಸೇರಿ, ಮುಂದೆ ಅದರ ದಕ್ಷ ವ್ಯವಸ್ಥಾಪಕರಾದರು. ಪರಶುರಾಮ ಎಂಬ ಹೆಸರಿನಲ್ಲಿ ಬಂಗಾಳಿಯ ಶ್ರೇಷ್ಠ ಹಾಸ್ಯ ಲೇಖಕರೆನಿಸಿದವರೂ ಇವರೇ. 1905ರಲ್ಲಿ ಮಾನಿಕ್‌ತಲಾದಲ್ಲಿ ಕಾರ್ಖಾನೆ ನೆಲೆಗೊಂಡಿತು. 1920ರಲ್ಲಿ ಪಾನಿಹಾಟಿಯಲ್ಲಿ ಎರಡನೆಯದು ಆರಂಭವಾಯಿತು. ಔಷಧಗಳಲ್ಲದೆ ಗಂಧಕಾಮ್ಲ, ಶಸ್ತ್ರಚಿಕಿತ್ಸೆಯ ಸಾಮಗ್ರಿ, ಬೆಂಕಿ ಆರಿಸುವ ಉಪಕರಣ ಇವೆಲ್ಲ ಅಲ್ಲಿ ತಯಾರಾದವು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ವಿದೇಶದ ಸರಕು ಬರುವುದು ಕಷ್ಟವಾದಾಗ ಈ ಸಂಸ್ಥೆ ಸರಕಾರಕ್ಕೂ ಒದಗಿಬಂದಿತು. ಬೆಳೆದ ಈ ಸಂಸ್ಥೆಯಿಂದ ಪ್ರಫುಲ್ಲಚಂದ್ರರು ತಮ್ಮ ಸುಖಕ್ಕಾಗಿ ಏನನ್ನೂ ಬಯಸಲಿಲ್ಲ. ತಮಗೆ ಬರಬೇಕಾದ ಲಾಭ ಸಾರ್ವಜನಿಕ ಕಾರ್ಯಗಳಿಗೆ ಸಲ್ಲುವಂತೆ ನೋಡಿಕೊಂಡರು.

ಇದೇ ವರ್ಷಗಳಲ್ಲಿ ಅವರು ಇನ್ನೊಂದು ದೊಡ್ಡ ಕೆಲಸದಲ್ಲಿ ತೊಡಗಿದ್ದರು. ಪ್ರಾಚೀನ ಭಾರತದ ರಸವಿದ್ಯೆಯ ಸಂಸ್ಕೃತ ಗ್ರಂಥಗಳನ್ನು ಹುಡುಕಿ, ಓಲೆಗರಿಯ ಪ್ರತಿಗಳನ್ನು ಪರಿಶೀಲಿಸಿ, ಹಿಂದೂ ರಸಾಯನಶಾಸ್ತ್ರದ ಇತಿಹಾಸವನ್ನು ರಚಿಸಿದರು. ಅದರ ಮೊದಲನೆಯ ಸಂಪುಟ 1902ರಲ್ಲಿಯೂ ಎರಡನೆಯದು 1909ರಲ್ಲಿಯೂ ಪ್ರಕಟವಾದವು. ಹಿಂದಿನವರ ಸಾಧನೆಯನ್ನು ಹೊಗಳಿ ತೃಪ್ತರಾಗುವುದು ಅವರ ಉದ್ದೇಶವಾಗಿರಲಿಲ್ಲ. ಲೋಹ, ಬಣ್ಣ, ಔಷಧಗಳಲ್ಲಿ ಅಷ್ಟು ಮುಂದುವರಿದಿದ್ದ ನಾಡಿನಲ್ಲಿ ವಿಜ್ಞಾನ ಬತ್ತಿಹೋದುದೇಕೆ ಎಂಬ ಪ್ರಶ್ನೆಯನ್ನು ಅವರು ಎತ್ತಿದರು. ಜಾತಿಯ ಕಟ್ಟಳೆಗಳು ಬಿಗಿಯಾದಂತೆ ಕುಶಲ ಕಸುಬುಗಳೆಲ್ಲ ಕೀಳೆನಿಸಿದವು. ಓದುಬಲ್ಲವನು ಕೈಯಿಂದ ಕೆಲಸ ಮಾಡಲಿಲ್ಲ, ಕೈಯಿಂದ ಕೆಲಸ ಮಾಡುವವನಿಗೆ ಓದು ದೊರೆಯಲಿಲ್ಲ. ಏಕೆ, ಹೇಗೆ ಎಂದು ಕೇಳುವ ಬುದ್ಧಿ ಕಮ್ಮಾರನ ಕುಲುಮೆಯಿಂದಲೂ ನೇಕಾರನ ಮಗ್ಗದಿಂದಲೂ ದೂರವಾಯಿತು. ಇದು ಅವರು ಕಂಡುಕೊಂಡ ಉತ್ತರ. ಮಿದುಳನ್ನೂ ಕೈಯನ್ನೂ ಮತ್ತೆ ಕೂಡಿಸುವುದೇ ತಮ್ಮ ಕರ್ತವ್ಯವೆಂದು ಅವರು ಭಾವಿಸಿದರು. ಅವರ ಪಾಠ, ಸಂಶೋಧನೆ, ಕಾರ್ಖಾನೆ ಎಲ್ಲಕ್ಕೂ ಒಳಗಿನ ಸೂತ್ರ ಇದೇ ಆಗಿತ್ತು.

1916ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಿಂದ ನಿವೃತ್ತರಾದ ಪ್ರಫುಲ್ಲಚಂದ್ರರನ್ನು ಆಶುತೋಷ ಮುಖರ್ಜಿಯವರು ಕಲ್ಕತ್ತಾ ವಿಶ್ವವಿದ್ಯಾನಿಲಯದ ವಿಜ್ಞಾನ ಕಾಲೇಜಿಗೆ ಬರಮಾಡಿಕೊಂಡರು. ತಾರಕನಾಥ ಪಾಲಿತರು ನೀಡಿದ ದತ್ತಿಯಿಂದ ಸ್ಥಾಪಿತವಾಗಿದ್ದ ರಸಾಯನಶಾಸ್ತ್ರದ ಪೀಠಕ್ಕೆ ಅವರು ಮೊದಲ ಪ್ರಾಧ್ಯಾಪಕರಾದರು. 1921ರಲ್ಲಿ ಅರವತ್ತು ವರ್ಷ ತುಂಬಿದಾಗ, ಇನ್ನು ಮುಂದೆ ತಮಗೆ ಬರುವ ಸಂಬಳವನ್ನೆಲ್ಲ ರಸಾಯನಶಾಸ್ತ್ರ ವಿಭಾಗದ ಬೆಳವಣಿಗೆಗೆ ವಿನಿಯೋಗಿಸಬೇಕೆಂದು ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿಬಿಟ್ಟರು. ಪ್ರಾಚೀನ ರಸಾಯನಜ್ಞ ನಾಗಾರ್ಜುನನ ಹೆಸರಿನಲ್ಲಿ ಸಂಶೋಧನಾ ಬಹುಮಾನವನ್ನು ಸ್ಥಾಪಿಸಲು 10,000 ರೂಪಾಯಿಗಳನ್ನು ದಾನ ಮಾಡಿದರು. ಅವಿವಾಹಿತರಾಗಿಯೇ ಉಳಿದ ಅವರಿಗೆ ವಿಜ್ಞಾನ ಕಾಲೇಜಿನ ಕೊಠಡಿಯೇ ಮನೆ, ವಿದ್ಯಾರ್ಥಿಗಳೇ ಮಕ್ಕಳು. ಒರಟು ಬಟ್ಟೆ, ಮಿತವಾದ ಆಹಾರ, ಸುತ್ತಲೂ ಪುಸ್ತಕಗಳು. ಸರ್ ಪದವಿಯನ್ನು ಪಡೆದಿದ್ದ ವ್ಯಕ್ತಿ ಇವರೇ ಎಂದು ಹೊಸಬರಿಗೆ ನಂಬಿಕೆಯಾಗುತ್ತಿರಲಿಲ್ಲ.

ಅವರ ಶಿಷ್ಯಸಂಪತ್ತು ಅಪಾರವಾದುದು. ಮೇಘನಾದ ಸಹಾ, ಸತ್ಯೇಂದ್ರನಾಥ ಬೋಸ್, ನೀಲರತನ ಧರ್, ಜ್ಞಾನೇಂದ್ರನಾಥ ಮುಖರ್ಜಿ, ಜ್ಞಾನಚಂದ್ರ ಘೋಷ್ ಮೊದಲಾದವರೆಲ್ಲ ಅವರ ಪಾಠವನ್ನು ಕೇಳಿದವರು. ಇವರಲ್ಲಿ ಜ್ಞಾನಚಂದ್ರ ಘೋಷರು 1939ರಿಂದ 1948ರವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದರು. ಹೀಗೆ ಕಲ್ಕತ್ತೆಯಲ್ಲಿ ಆಚಾರ್ಯರು ಹಚ್ಚಿದ ದೀಪದ ಬೆಳಕು ಕನ್ನಡ ನಾಡಿಗೂ ಹರಿದುಬಂದಿತು. 1924ರಲ್ಲಿ ಭಾರತೀಯ ರಸಾಯನಶಾಸ್ತ್ರ ಸಂಘ ಸ್ಥಾಪಿತವಾದಾಗ ಪ್ರಫುಲ್ಲಚಂದ್ರರೇ ಅದರ ಮೊದಲ ಅಧ್ಯಕ್ಷರಾದರು. ಶಿಷ್ಯರು ತಮ್ಮನ್ನು ಮೀರಿ ಬೆಳೆಯುವುದನ್ನು ಕಂಡು ಸಂತೋಷಪಡುವುದು ಅವರ ಸ್ವಭಾವವಾಗಿತ್ತು.

ಶಿಕ್ಷಣದ ವಿಷಯದಲ್ಲಿ ಅವರ ವಿಚಾರಗಳು ಸ್ಪಷ್ಟವಾಗಿದ್ದವು. ಪರಭಾಷೆಯಲ್ಲಿ ಕಲಿಯುವ ವಿದ್ಯಾರ್ಥಿಯ ಶಕ್ತಿಯೆಲ್ಲ ಮಾತನ್ನು ಅರಿಯುವುದರಲ್ಲಿಯೇ ವ್ಯಯವಾಗುತ್ತದೆ. ಆದುದರಿಂದ ತಾಯ್ನುಡಿಯೇ ಬೋಧನೆಯ ಮಾಧ್ಯಮವಾಗಬೇಕೆಂದು ಅವರು ವಾದಿಸಿದರು. ಪದವಿಗಾಗಿ ಪದವಿ ಪಡೆಯುವ ಹುಚ್ಚನ್ನು ಕಟುವಾಗಿ ಖಂಡಿಸಿದರು. ಬುದ್ಧಿವಂತರಾದ ತರುಣರೆಲ್ಲ ವಕೀಲಿಕೆಗೂ ಗುಮಾಸ್ತಗಿರಿಗೂ ಮುಗಿಬೀಳುವುದು ನಾಡಿನ ಮಿದುಳಿನ ಅಪವ್ಯಯವೆಂದು ಲೇಖನಗಳನ್ನು ಬರೆದರು. ದೂರದ ಊರುಗಳಿಂದ ಬರಿಗೈಯಲ್ಲಿ ಕಲ್ಕತ್ತೆಗೆ ಬಂದವರು ತಲೆಯ ಮೇಲೆ ಗಂಟು ಹೊತ್ತು ಮಾರಿ, ಕಾಸಿಗೆ ಕಾಸು ಕೂಡಿಸಿ ದೊಡ್ಡ ವರ್ತಕರಾಗುತ್ತಿರುವುದನ್ನು ಅವರು ಉದಾಹರಿಸುತ್ತಿದ್ದರು. ಚಿಕ್ಕದರಿಂದ ಮೊದಲು ಮಾಡುವುದು, ಲೆಕ್ಕವನ್ನು ಸರಿಯಾಗಿ ಇಡುವುದು, ಕಸುಬನ್ನು ಕೆಳಗಿನ ಮೆಟ್ಟಿಲಿನಿಂದಲೇ ಕಲಿಯುವುದು, ಕೊಟ್ಟ ಮಾತಿಗೂ ಮಾಡಿದ ಸರಕಿಗೂ ತಪ್ಪದಿರುವುದು ಇವೇ ವ್ಯಾಪಾರದ ಮೂಲತತ್ತ್ವಗಳೆಂದು ಸಾರಿದರು. ಕುಂಬಾರಿಕೆ, ಸಾಬೂನು, ಎನಾಮೆಲ್ ಮುಂತಾದ ಅನೇಕ ಉದ್ಯಮಗಳಿಗೆ ಅವರು ಬೆಂಬಲವಾಗಿ ನಿಂತರು. ಅವರು ಕೈಯಿಟ್ಟ ಉದ್ಯಮಗಳೆಲ್ಲವೂ ಗೆಲ್ಲಲಿಲ್ಲ. ಆದರೆ ಸೋತ ಪ್ರಯೋಗವೂ ಪಾಠ ಹೇಳುತ್ತದೆಂಬುದು ಪ್ರಯೋಗಶಾಲೆಯಲ್ಲಿ ಬಾಳಿದವರಿಗೆ ತಿಳಿಯದ ಸಂಗತಿಯಲ್ಲ.

ನಾಡಿಗೆ ಸಂಕಟ ಒದಗಿದಾಗ ಈ ವಿಜ್ಞಾನಿ ಪ್ರಯೋಗಶಾಲೆಯ ಬಾಗಿಲನ್ನು ಎಳೆದುಕೊಂಡು ಬೀದಿಗಿಳಿದರು. 1921ರಲ್ಲಿ ಖುಲ್ನಾ ಪ್ರದೇಶದಲ್ಲಿ ಕ್ಷಾಮ ತಲೆದೋರಿತು. 1922ರಲ್ಲಿ ಉತ್ತರ ಬಂಗಾಳವನ್ನು ಭೀಕರ ಪ್ರವಾಹ ಮುಳುಗಿಸಿತು. ಎರಡು ಸಂದರ್ಭಗಳಲ್ಲಿಯೂ ಪರಿಹಾರ ಕಾರ್ಯದ ಹೊಣೆಯನ್ನು ಅವರು ಹೊತ್ತರು. ವಿಜ್ಞಾನ ಕಾಲೇಜಿನ ಕೊಠಡಿಗಳು ಬಟ್ಟೆ, ಧಾನ್ಯಗಳ ಉಗ್ರಾಣಗಳಾದವು. ಸುಭಾಷಚಂದ್ರ ಬೋಸರಂತಹ ತರುಣರು ಸ್ವಯಂಸೇವಕರಾಗಿ ದುಡಿದರು. ಆಚಾರ್ಯರ ಹೆಸರಿನ ಮೇಲಣ ನಂಬಿಕೆಯಿಂದ ಬಡವರು, ಬಲ್ಲಿದರು ಎಲ್ಲರೂ ಕೈಯೆತ್ತಿ ಕೊಟ್ಟರು. ಬಂದ ಪ್ರತಿಯೊಂದು ಕಾಸಿನ ಲೆಕ್ಕವೂ ಅಚ್ಚುಕಟ್ಟಾಗಿತ್ತು.

1932ರಲ್ಲಿಯೂ 1935ರಲ್ಲಿಯೂ ಅವರ ಆತ್ಮಕಥೆಯ ಎರಡು ಸಂಪುಟಗಳು ಪ್ರಕಟವಾದವು. ಎಪ್ಪತ್ತೈದು ದಾಟುವವರೆಗೂ ಅವರು ವಿಶ್ವವಿದ್ಯಾನಿಲಯದ ಸೇವೆಯಲ್ಲಿದ್ದರು. 1944ನೆಯ ಇಸವಿ ಜೂನ್ 16ರಂದು, ವಿಜ್ಞಾನ ಕಾಲೇಜಿನ ಅದೇ ಸರಳ ಕೊಠಡಿಯಲ್ಲಿ, ಶಿಷ್ಯರ ನಡುವೆ ಅವರು ಕೊನೆಯುಸಿರೆಳೆದರು. ಅವರು ಮೂಳೆಗಳನ್ನು ಒಣಗಿಸಿದ ಮನೆಯಿದ್ದ ರಸ್ತೆಗೆ ಮುಂದೆ ಆಚಾರ್ಯ ಪ್ರಫುಲ್ಲಚಂದ್ರ ರಸ್ತೆ ಎಂದೇ ಹೆಸರಾಯಿತು. ಅವರು ಕಟ್ಟಿದ ಔಷಧ ಸಂಸ್ಥೆ ಕಾಲಾಂತರದಲ್ಲಿ ನಷ್ಟಕ್ಕೆ ಸಿಲುಕಿತಾದರೂ 1980ರಲ್ಲಿ ರಾಷ್ಟ್ರೀಕರಣಗೊಂಡು ಭಾರತ ಸರಕಾರದ ಉದ್ಯಮವಾಗಿ ಮುಂದುವರಿಯಿತು. 2011ರಲ್ಲಿ, ಅವರ ಜನನದ ನೂರೈವತ್ತನೆಯ ವರ್ಷದಲ್ಲಿ, ಬ್ರಿಟನ್ನಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ ಅವರ ಸ್ಮರಣೆಗಾಗಿ ಗೌರವ ಫಲಕವನ್ನು ಅರ್ಪಿಸಿತು. ಒಂದು ಕಾಲದಲ್ಲಿ ಅವರಿಗೆ ಸಮಾನ ವೇತನವನ್ನು ನಿರಾಕರಿಸಿದವರ ನಾಡಿನಿಂದಲೇ ಬಂದ ಮನ್ನಣೆ ಅದು.

ಮರ್ಕ್ಯುರಸ್ ನೈಟ್ರೈಟಿನ ಹಳದಿ ಹರಳುಗಳನ್ನು ಕಂಡುಹಿಡಿದವರೆಂದು ವಿಜ್ಞಾನದ ಚರಿತ್ರೆ ಪ್ರಫುಲ್ಲಚಂದ್ರರನ್ನು ನೆನೆಯುತ್ತದೆ. ಸಾಮಾನ್ಯ ಜನ ನೆನೆಯಬೇಕಾದದ್ದು ಇನ್ನೂ ಒಂದಿದೆ. ಕಲಿತ ವಿದ್ಯೆಯನ್ನು ಹಿಡಿದು ಇತರರ ಬಾಗಿಲಿನಲ್ಲಿ ಕಾಯಬೇಕಾಗಿಲ್ಲ, ಅದೇ ವಿದ್ಯೆಯಿಂದ ಹತ್ತು ಜನಕ್ಕೆ ಬಾಗಿಲು ತೆರೆಯಬಹುದು ಎಂಬುದನ್ನು ಅವರು ಕೆಲವು ನೂರು ರೂಪಾಯಿಗಳ ಬಂಡವಾಳದಿಂದ ತೋರಿಸಿಕೊಟ್ಟರು. ಹಾಗೆ ತೆರೆದ ಬಾಗಿಲಿನಿಂದ ಸಾವಿರಾರು ಮಂದಿ ಒಳಗೆ ಬಂದರು. ತಾವು ಮಾತ್ರ ಒಂದು ಮಂಚ, ಕೆಲವು ಪುಸ್ತಕಗಳು, ಶಿಷ್ಯರ ಪ್ರೀತಿ ಇಷ್ಟರಲ್ಲಿಯೇ ತೃಪ್ತರಾಗಿ ಬಾಳಿದರು. ನಾಡು ಅವರನ್ನು ಆಚಾರ್ಯ ಎಂದು ಕರೆದುದು ಸಾರ್ಥಕವಾಗಿದೆ.